ಸಹಾಯ ಬೇಕು: ಕುಂಚಿಗೆಯ ಹಿಂಬದಿ ಫೋಟೊ

ಶರಣ್ರಿ ಎಲ್ಲರಿಗೂ. ಕಲಬುರಗಿಯಲ್ಲಿ 32 ಪುಟದ ರಾಜಕುಮಾರಿ ಕತೆಯ ಚಿತ್ರಪುಸ್ತಕ ತಯಾರಾಗ್ತಿದೆ. ಕುದುರೆಗೆ ಬಿದರಿ ಕೆಲಸದ ಹಾಗೆ ಕಪ್ಪು ಮೈ, ಬೆಳ್ಳಿ ಬಳ್ಳಿ. ರಾತ್ರಿ ದೃಶ್ಯದಲ್ಲಿ ಅದು ಕರಗಿಹೋಗ್ತಿತ್ತು, ಆಕಾಶ ನೇರಳೆ ಮಾಡಿದ ಮೇಲೆ ಸರಿಹೋಯ್ತು. ಅಜ್ಜಿ ಹೊದ್ದ ಕೌದಿಗೆ (ಬಟ್ಟೆ ತುಂಡು ಜೋಡಿಸಿ ಹೊಲಿದ ಹೊದಿಕೆ) 9 ದೊಡ್ಡ ತುಂಡು ಸಾಕು. ಸಣ್ಣ ತುಂಡು ನೂರು ಬರೆದರೆ ಪುಟದಿಂದ ಪುಟಕ್ಕೆ ಲೆಕ್ಕ ತಪ್ತದೆ, ಮಕ್ಕಳು ಅದನ್ನ ಹಿಡಿದೇ ಹಿಡೀತಾರೆ.

ಸಿಕ್ಕಿಕೊಂಡಿರೋದು ಪುಟ್ಟ ರಾಜಕುಮಾರಿಯ ಕುಂಚಿಗೆಯಲ್ಲಿ, ಅಂದ್ರೆ ಬೆನ್ನ ಮೇಲೆ ಬಟ್ಟೆ ಇಳಿಬಿಟ್ಟ ಮಕ್ಕಳ ಟೋಪಿಯಲ್ಲಿ. ಮುಂಭಾಗ, ಮುಕ್ಕಾಲು ಮುಖ, ಪಕ್ಕದ ನೋಟ ಮುಗಿದಿವೆ. ಆದರೆ 11 ಪುಟಗಳಲ್ಲಿ ಅವಳು ಬೆನ್ನು ಹಾಕಿ ಓಡ್ತಾಳೆ, ಸಿಕ್ಕ ಫೋಟೊಗಳೆಲ್ಲ ಮುಖದವೇ. ಬೆನ್ನ ಮೇಲೆ ಇಳಿಬಿಡೋ ಬಟ್ಟೆಗೆ ಕತ್ತಿನ ಹತ್ರ ನಿರಿಗೆ ಹಿಡೀತಾರೋ, ಸಪಾಟಾಗಿ ಹೊಲೀತಾರೋ? ನಿರಿಗೆ ಇದ್ದರೆ ಗಾಳಿಗೆ ಬೀಸಣಿಗೆ ಹಾಗೆ ಅರಳ್ತದೆ, ಇಲ್ಲದಿದ್ದರೆ ಬಾವುಟದ ಹಾಗೆ ಹಾರ್ತದೆ. ಓಟದ ಚಿತ್ರವೆಲ್ಲ ಇದರ ಮೇಲೇ ನಿಂತಿದೆ. ಖಣದ (ಕುಪ್ಪಸದ ಬಟ್ಟೆಯ) ಅಂಚು ಅಡ್ಡ ಬರ್ತದೋ, ಉದ್ದಕ್ಕೋ?

ಬೀದರ್, ಯಾದಗಿರಿ ಕಡೆ ಯಾರ ಮನೆಯ ಟ್ರಂಕಿನಲ್ಲಾದರೂ ಹಳೇದು ಇದ್ದರೆ ಚಾಪೆ ಮೇಲೆ ಹರವಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಹಗಲು ಬೆಳಕಲ್ಲಿ ಮೇಲಿಂದ ಒಂದು ಫೋಟೊ ಹಾಕ್ರಿ. ಫ್ಲ್ಯಾಶ್ ಬೇಡ, ಫೋಟೊದಲ್ಲಿ ರೇಷ್ಮೆಯ ಬಣ್ಣ ಬಿಳುಚಿಕೊಳ್ತದೆ. ಒಳಮೈ ಹೊಲಿಗೆಯದೂ ಒಂದು ಇದ್ದರೆ ಬಹಳ ಉಪಕಾರ ಆಗ್ತದ್ರಿ.