ಪದಚರ್ಚೆ: ‘ಲೀಡರ್‌ಬೋರ್ಡ್’ಗೆ ಕನ್ನಡದಲ್ಲಿ ಎಂತ ಹೇಳುದು? (ಅರ್ಜೆಂಟ್, ನಾಳೆ ಬೆಳಿಗ್ಗೆಗೆ ಬೇಕು)

ಬದಿಯಡ್ಕದಿಂದ:
ಎಲ್ಲರಿಗೂ ನಮಸ್ಕಾರ. ನಾಳೆ ನಮ್ಮ ಶಾಲೆಯಲ್ಲಿ ಐಟಿ ಮೇಳ ಉಂಟು. ಲಿಟ್ಲ್ ಕೈಟ್ಸಿನ (ಕೇರಳದ ಶಾಲೆಗಳ ಐಟಿ ಕ್ಲಬ್) ಮಕ್ಕಳು ಸ್ಕ್ರ್ಯಾಚಿನಲ್ಲಿ, ಅಂದ್ರೆ ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರಿನಲ್ಲಿ, ಒಂದು ಆಟ ಮಾಡಿದ್ದಾರೆ. ಮೇಲಿಂದ ಅಡಿಕೆ ಬೀಳ್ತದೆ, ಕೆಳಗೆ ಬುಟ್ಟಿ ಹಿಡ್ಕೊಂಡು ಆಚೆ ಈಚೆ ಓಡ್ಬೇಕು, ಹಣ್ಣಡಿಕೆ ಸಿಕ್ಕಿದ್ರೆ ಒಂದು ಪಾಯಿಂಟ್, ಕೊಳೆರೋಗದ್ದು ಬುಟ್ಟಿಗೆ ಬಿದ್ರೆ ಎರಡು ಹೋಯ್ತು. ಈಗ ಅದಕ್ಕೆ ಲೀಡರ್‌ಬೋರ್ಡ್, ಅಂದ್ರೆ ಹೆಚ್ಚು ಸ್ಕೋರು ಮಾಡಿದವರ ಪಟ್ಟಿ, ಸೇರಿಸಿದ್ದಾರೆ. ಆಟ ಮುಗಿದ ಕೂಡ್ಲೆ ಹೆಸರು ಕೇಳ್ತದೆ, ಹೆಸರು ಒಂದು ಲಿಸ್ಟಿಗೆ, ಸ್ಕೋರು ಇನ್ನೊಂದು ಲಿಸ್ಟಿಗೆ ಹೋಗ್ತದೆ. ಲಿಸ್ಟಿಗೆ ನಾವು ಎಂತ ಹೆಸರು ಇಡ್ತೇವೋ ಅದೇ ಪರದೆಯಲ್ಲಿ ತಲೆಬರಹ ಆಗಿ ಕಾಣುದು. ಮಕ್ಕಳು ‘ಲೀಡರ್‌ಬೋರ್ಡ್’ ಅಂತಲೇ ಕನ್ನಡ ಅಕ್ಷರದಲ್ಲಿ ಹಾಕಿದ್ದಾರೆ, ಕನ್ನಡ ಮಾಧ್ಯಮದ ಶಾಲೆ, ಕನ್ನಡ ಶಬ್ದ ಹಾಕಿ ಅಂತ ಹೆಡ್‌ಮಾಷ್ಟ್ರು ಹೇಳಿದ್ರು. ಇನ್ನೊಂದು, ಈವರೆಗಿನ ಹೈ ಸ್ಕೋರು ಒಂದೇ ಸಂಖ್ಯೆ, ಅದು ಬೇರೆ ವೇರಿಯಬಲ್ (ಒಂದು ಬೆಲೆ ಇಟ್ಟುಕೊಳ್ಳುವ ಜಾಗ), ಅದಕ್ಕೂ ಒಂದು ಶಬ್ದ ಬೇಕು. ಇಡೀ ಪರದೆ 480ಕ್ಕೆ 360 ಪಿಕ್ಸೆಲ್, ಲಿಸ್ಟಿನ ಪೆಟ್ಟಿಗೆ ಅದರ ಒಂದು ಮೂಲೆ. ಉದ್ದ ಶಬ್ದ ಹಾಕಿದ್ರೆ ಆಗ್ಲಿಕ್ಕಿಲ್ಲ.

ಬೆಂಗಳೂರಿನಿಂದ:
ಮುಂದಾಳು ಹಲಗೆ. ಹೈ ಸ್ಕೋರಿಗೆ ಹೆಚ್ಚೆಣಿಕೆ. ‘ಪಲಕ’ ಅಂತ ಮಾತ್ರ ಹಾಕಬೇಡಿ, ಅದು ಸಂಸ್ಕ್ರುತ. ನಮ್ಮಲ್ಲಿ ಹಲಗೆ ಅನ್ನೋ ಅಚ್ಚಗನ್ನಡದ ಪದ ಇರುವಾಗ ಎರವಲು ಯಾಕೆ ಬೇಕು?

ಮಂಜೇಶ್ವರದಿಂದ:
ಮುಂದಾಳು ಅಂದ್ರೆ ಪಂಚಾಯತ್ ಇಲೆಕ್ಷನಿಗೆ ನಿಂತವನ ಹಾಗೆ ಕೇಳ್ತದೆ. ಮತ್ತೆ ಹಲಗೆ ಅಚ್ಚಗನ್ನಡ ಅಂತ ನಿಮಗೆ ಯಾರು ಹೇಳಿದ್ದು? ಫಲಕದ ತದ್ಭವ ಹಲಗೆ, ಹೈಸ್ಕೂಲ್ ವ್ಯಾಕರಣದಲ್ಲೇ ಉಂಟು.

ಬೆಂಗಳೂರಿನಿಂದ:
ಹೈಸ್ಕೂಲ್ ವ್ಯಾಕರಣದಲ್ಲಿ ಇರೋದೆಲ್ಲ ನಿಜ ಅಂದ್ಕೊಂಡ್ರೆ ಮಾತಾಡಿ ಉಪಯೋಗ ಇಲ್ಲ. ಹಳಗನ್ನಡದಲ್ಲಿ ಅದು ಪಲಗೆ, ಆಮೇಲೆ ಪಕಾರ ಹಕಾರ ಆಯ್ತು. ತಮಿಳಲ್ಲಿ ಪಲಗೈ, ತೆಲುಗು ಮಲಯಾಳ ಎರಡರಲ್ಲೂ ಪಲಕ. ದ್ರಾವಿಡ ನುಡಿಗಳಲ್ಲಿ ಇಶ್ಟು ಬೇರು ಬಿಟ್ಟಿರೋ ಪದ ಅಲ್ಲಿಂದ ಇಲ್ಲಿಗೇ ಬಂತು, ಇಲ್ಲಿಂದ ಅಲ್ಲಿಗೆ ಹೋಗಿಲ್ಲ ಅಂತ ಹೇಗೆ ಹೇಳ್ತೀರಿ?

ಮಂಜೇಶ್ವರದಿಂದ:
ನಾಲ್ಕು ಮನೆಯಲ್ಲಿ ಒಂದೇ ಪಾತ್ರೆ ಇದ್ರೆ ನಾಲ್ಕೂ ಮನೆಯವ್ರು ಒಂದೇ ಅಂಗಡಿಯಿಂದ ತಂದದ್ದೂ ಇರಬಹುದು. ಮುಂದೆ ಹೋಗುವ.

ಕುಂಬಳೆಯಿಂದ:
ಅಂಕಪಟ್ಟಿ ಹಾಕಿ ಮುಗಿಸಿ ಮಾರಾಯ್ರೆ. ಐಪಿಎಲ್ ಸಮಯದಲ್ಲಿ ಪೇಪರಿನವರು ಅದನ್ನೇ ಬರೆಯುದು, ಎಲ್ಲರಿಗೂ ಅರ್ಥ ಆಗ್ತದೆ.

ಬದಿಯಡ್ಕದಿಂದ:
ಅಂಕಪಟ್ಟಿ ಹಾಕಿ ಮಕ್ಕಳಿಗೆ ತೋರಿಸಿದೆ. ಇದೆಂತ ಮಾರ್ಕ್ ಲಿಸ್ಟಾ ಟೀಚರೇ, ಅಪ್ಪನ ಸೈನ್ ಬೇಕಾ ಅಂತ ಕೇಳಿದ್ರು. ಮತ್ತೆ ಐಪಿಎಲಿನದ್ದರಲ್ಲಿ ಕೊನೆಯ ಸ್ಥಾನದ ಟೀಮೂ ಇರ್ತದೆ. ಇದು ಹಾಗಲ್ಲ, ಇದರಲ್ಲಿ ಐದೇ ಹೆಸರು, ಆರನೆಯದ್ದನ್ನು ಬ್ಲಾಕೇ ಅಳಿಸ್ತದೆ.

ಪೆರ್ಲದಿಂದ:
ಅಂಕದ ಬಗ್ಗೆ ಯಾರೂ ಯೋಚನೆ ಮಾಡಿದ ಹಾಗೆ ಕಾಣುದಿಲ್ಲ. ನಮ್ಮ ಊರಲ್ಲಿ ಅಂಕ ಅಂದ್ರೆ ಮೊದಲು ನೆನಪಾಗುದು ಕೋಳಿ ಅಂಕ, ಕೋಳಿಗಳ ಕಾಳಗ. ಹಳಗನ್ನಡದಲ್ಲಿ ಅಂಕ ಅಂದ್ರೆ ಕಾಳಗ, ಅಂಕಕಾರ ಅಂದ್ರೆ ಒಬ್ಬನಿಗೊಬ್ಬ ಎದುರು ನಿಂತು ಕಾದುವ ವೀರ. ಮಲಯಾಳದವರ ವಡಕ್ಕನ್ ಪಾಟ್ಟಿನಲ್ಲಿ (ಉತ್ತರ ಕೇರಳದ ವೀರರ ಹಾಡು) ಚೇಗವರು, ಅಂದ್ರೆ ಕಾದುವ ವೀರರು, ಹೋಗಿ ಮಾಡುವ ಅಂಗಂ ಕೂಡ ಇದೇ. ಸಂಸ್ಕೃತದ ಅಂಕ ಅಂದ್ರೆ ಗುರುತು, ತೊಡೆ, ಎಣಿಕೆ, ಅದು ಬೇರೆಯೇ ಶಬ್ದ ಅಂತ ನನ್ನ ವಾದ. ಇಲ್ಲಿ ಎರಡೂ ಕೂಡ್ತದೆ, ಪಾಯಿಂಟೂ ಉಂಟು ಜಿದ್ದೂ ಉಂಟು. ಆದ ಕಾರಣ ತಲೆಬರಹ ‘ಅಂಕಕಾರರು’ ಅಂತ ಇಡಿ. ಇದಕ್ಕಿಂತ ಚಂದದ ಶಬ್ದ ಸಿಕ್ಲಿಕ್ಕಿಲ್ಲ.

ಕುಂಬಳೆಯಿಂದ:
ಆಟದೊಟ್ಟಿಗೆ ಒಂದೊಂದು ನಿಘಂಟೂ ಕೊಡ್ಲಿಕ್ಕುಂಟಾ?

ಮುಳ್ಳೇರಿಯದಿಂದ:
ನಾನೊಂದು ಹೇಳ್ತೇನೆ, ಬೈಬೇಡಿ. ಕಲೋತ್ಸವಕ್ಕೆ (ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆ) ಹೋದ ಮಕ್ಕಳೆಲ್ಲ ಒಂದೇ ಶಬ್ದ ಹೇಳುದು, ‘ಪಾಯಿಂಟ್ ನಿಲ ಎಂತಾಯ್ತು’ ಅಂತ. ಮೈಕಿನಲ್ಲಿ ಅದೇ, ಬೋರ್ಡಿನಲ್ಲಿ ಅದೇ. ಯಾವ ಶಾಲೆ ಮುಂದೆ, ಯಾವುದು ಹಿಂದೆ ಅಂತ ತಿಳಿಲಿಕ್ಕೆ ಅದು ಸಾಕು. ನಿಲ ಅಂದ್ರೆ ನಮ್ಮ ನೆಲೆಯೇ, ನಿಲ್ಲು ಧಾತು.

ಮಂಜೇಶ್ವರದಿಂದ:
1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ ಇಲ್ಲಿಯ ಜನ ಕನ್ನಡ ಕನ್ನಡ ಅಂತ ಒದ್ದಾಡಿದ್ದು ಮಕ್ಕಳ ಆಟಕ್ಕೆ ಮಲಯಾಳದ ಹೆಸರಿಡ್ಲಿಕ್ಕಾ? ಬಸ್ಸಿನ ಬೋರ್ಡು ಓದ್ಲಿಕ್ಕೆ ಬರುದಿಲ್ಲ, ಅರ್ಜಿ ಫಾರ್ಮ್ ಓದ್ಲಿಕ್ಕೆ ಬರುದಿಲ್ಲ, ಇನ್ನು ಇದೊಂದು ಬಾಕಿ ಇತ್ತು.

ಮುಳ್ಳೇರಿಯದಿಂದ:
ಬೈಬೇಡಿ ಅಂದದ್ದು ಅದಕ್ಕೇ. ಆ ಎರಡು ಶಬ್ದದಲ್ಲಿ ‘ಪಾಯಿಂಟ್’ ಇಂಗ್ಲಿಷು, ಅದು ನಿಮಗೆ ಚುಚ್ಚಲಿಲ್ಲ. ಪಕ್ಕದ ಮನೆಯ ನಿಲ ಮಾತ್ರ ಚುಚ್ಚಿತು. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಕ್ಲಾಸಿನಲ್ಲಿ ಕನ್ನಡ ಮಾತಾಡುವ ಮಗುವಿಗೆ ಇದರಲ್ಲಿ ಎಂತ ಜಗಳ ಕಾಣುದಿಲ್ಲ, ಕಾಣುದು ನಮಗೆ. ಬಸ್ಸಿನ ಬೋರ್ಡು ಬೇರೆ ವಿಷಯ, ಅದರಲ್ಲಿ ನಾನೂ ನಿಮ್ಮೊಟ್ಟಿಗೆ ಉಂಟು.

ಬೆಂಗಳೂರಿನಿಂದ:
ಇದಕ್ಕೇ ಗಡಿನಾಡಿನ ಕನ್ನಡ ಹಾಳಾಗ್ತಿರೋದು.

ಪೆರ್ಲದಿಂದ:
‘ಹಾಳಾಗ್ತಿರೋದು’ ಅಂತ ನಮ್ಮಲ್ಲಿ ಯಾರೂ ಹೇಳುದಿಲ್ಲ ಸ್ವಾಮಿ, ‘ಹಾಳಾಗುದು’ ಅಂತ ಹೇಳ್ತೇವೆ. ಯಾರದ್ದು ಹಾಳು ಅಂತ ಲೆಕ್ಕ ಹಾಕ್ಲಿಕ್ಕೆ ಕೂತ್ರೆ ಬೆಂಗಳೂರಿಂದಲೇ ಶುರು ಮಾಡ್ಬೇಕು.

ಉಪ್ಪಳದಿಂದ:
ಶಬ್ದ ಪಂಡಿತರಿಗೆ ಬಿಟ್ಟೆ, ಆಟದ ಬಗ್ಗೆ ಎರಡು ಮಾತು. ಹಸಿರು ಬಾವುಟದ (ಆಟ ಶುರು ಮಾಡುವ ಗುಂಡಿ) ಕೆಳಗೆ ಸ್ಕೋರು ಸೊನ್ನೆ ಮಾಡಿ, ಅದು ಸರಿ, ಆದ್ರೆ ಲಿಸ್ಟ್ ಪೂರ್ತಿ ಅಳಿಸುವ ಬ್ಲಾಕನ್ನು ಅಲ್ಲಿ ಹಾಕ್ಬೇಡಿ, ಮಕ್ಕಳು ಅಭ್ಯಾಸಬಲದಿಂದ ಹಾಕ್ತಾರೆ, ಪ್ರತಿ ಆಟಕ್ಕೂ ಪಟ್ಟಿ ಖಾಲಿ. ಹೊಸ ಸ್ಕೋರನ್ನು ಒಂದನೇ ಸಾಲಿಂದ ಹೋಲಿಸ್ತಾ ಬನ್ನಿ, ಹೊಸದು ದೊಡ್ಡದಾದಲ್ಲಿ ನಿಲ್ಲಿಸಿ ಎರಡೂ ಲಿಸ್ಟಿನಲ್ಲಿ ಅದೇ ಸ್ಥಾನಕ್ಕೆ ಸೇರಿಸಿ, ಒಂದರಲ್ಲಿ ಮರೆತ್ರೆ ಒಬ್ಬನ ಸ್ಕೋರು ಇನ್ನೊಬ್ಬನ ಹೆಸರಿಗೆ. ‘ದೊಡ್ಡದು’ ಅಂತಲೇ ಇರ್ಲಿ, ಆಗ ಸಮ ಬಂದವ ಕೆಳಗೆ ಹೋಗ್ತಾನೆ, ಮೊದಲು ಮಾಡಿದವನಿಗೆ ಅನ್ಯಾಯ ಆಗುದಿಲ್ಲ. ಆಫ್‌ಲೈನಿನಲ್ಲಿ ಆಡಿಸುದಾದ್ರೆ ಸೇವ್ ಮಾಡದೆ ಬಂದ್ ಮಾಡ್ಬೇಡಿ. ಕ್ಲೌಡ್ ವೇರಿಯಬಲಿನ (ಸ್ಕ್ರ್ಯಾಚಿನ ಸರ್ವರಿನಲ್ಲಿ ಉಳಿಯುವಂಥದ್ದು) ಆಸೆ ಬಿಡಿ, ಅದರಲ್ಲಿ ಅಂಕೆ ಮಾತ್ರ ನಿಲ್ತದೆ, ಹೆಸರು ನಿಲ್ಲುದಿಲ್ಲ, ಲಿಸ್ಟಿಗಂತೂ ಕ್ಲೌಡೇ ಇಲ್ಲ. ಹೈ ಸ್ಕೋರಿಗೆ ‘ದಾಖಲೆ’ ಸಾಕು. ಓಟದಲ್ಲಿ ದಾಖಲೆ ಮುರಿದ ಅಂತ ಹೇಳುದಿಲ್ವಾ?

ಮಂಜೇಶ್ವರದಿಂದ:
ದಾಖಲೆ ಅಂದ್ರೆ ವಿಲೇಜ್ ಆಫೀಸು ನೆನಪಾಗ್ತದೆ.

ಬೆಂಗಳೂರಿನಿಂದ:
ಅದು ಅರಬ್ಬಿ ಮೂಲದ್ದು.

ಉಪ್ಪಳದಿಂದ:
ಹೌದು. ಹಾಗಾದ್ರೆ ಎಂತ ಮಾಡ್ಬೇಕು?

ಬದಿಯಡ್ಕದಿಂದ:
ಎಲ್ಲರಿಗೂ ಥ್ಯಾಂಕ್ಸ್. ಲಿಸ್ಟಿಗೆ ‘ಮೊದಲ ಐವರು’, ವೇರಿಯಬಲಿಗೆ ‘ದಾಖಲೆ’ ಅಂತ ಹಾಕಿ ಆಯ್ತು, ಎರಡೂ ಪೆಟ್ಟಿಗೆಯಲ್ಲಿ ಹಿಡೀತದೆ. ಮುಂದಾಳು ಹಲಗೆ ಮತ್ತೆ ಅಂಕಕಾರರು ಮಕ್ಕಳಿಗೆ ಓದಿ ಹೇಳಿದೆ, ಅಂಕಕಾರ ಕೇಳಿ ಒಬ್ಬನಿಗೆ ಭಾರೀ ಖುಷಿ ಆಯ್ತು, ಪಟ್ಟಿಯಲ್ಲಿ ಅವನ ಹೆಸರಿನ ಬದಲು ಅದನ್ನೇ ಟೈಪ್ ಮಾಡಿದ್ದಾನೆ. ಹಸಿರು ಬಾವುಟದ್ದೂ ನೋಡಿದೆ, ಅಳಿಸುವ ಬ್ಲಾಕು ಅಲ್ಲೇ ಇತ್ತು, ತೆಗೆಸಿದೆ.

ಬೆಂಗಳೂರಿನಿಂದ:
ನಾಳೆ ಹತ್ತು ಜನರದ್ದು ತೋರಿಸಬೇಕಾದ್ರೆ ‘ಮೊದಲ ಐವರು’ ಏನಾಗುತ್ತೆ? ಹೆಸರು ಅಂದ್ರೆ ಬಾಳಿಕೆ ಬರಬೇಕು.

ಬದಿಯಡ್ಕದಿಂದ:
ಹತ್ತು ಸಾಲು ಹಾಕಿದ್ರೆ ಬುಟ್ಟಿ ಓಡ್ಲಿಕ್ಕೆ ಜಾಗ ಸಾಲುದಿಲ್ಲ.

ಪೆರ್ಲದಿಂದ:
ಅಂಕದ ವ್ಯುತ್ಪತ್ತಿಗೆ ಯಾರೂ ಉತ್ತರ ಕೊಡಲಿಲ್ಲ. ಬೇರೆ ಸಬ್ಜೆಕ್ಟ್ ಹಾಕಿ ಕಳಿಸ್ತೇನೆ, ದಯವಿಟ್ಟು ಅಡಿಕೆ ಅದರಲ್ಲಿ ತರಬೇಡಿ.