ಟೊಮೆಟೊ ಸಸಿಗೆ ಕಾಗದದ ಹೂವಿನ ಎಲೆ ರಸ: ಕುದಿಸಬೇಕಾ, ಹಸಿಯಾಗೇ ಹೊಡೀಬೇಕಾ?

ಪಾಂಡವಪುರ_ನರ್ಸರಿ:
ಟೊಮೆಟೊ ಸಸಿಗೆ 12 ದಿನ. ಟೊಸ್ಪೊ ನಂಜು ರೋಗ (ಥ್ರಿಪ್ಸ್ ನುಸಿ ಹರಡೋ ವೈರಸ್ ರೋಗ) ಬರೋ ಮೊದಲೇ ಕಾಗದದ ಹೂವಿನ (ಬೋಗನ್‌ವಿಲ್ಲಾ) ಎಲೆ ರಸ ಶೇ 10ರಂತೆ ಹೊಡೀಬೇಕು ಅಂತ ಇದ್ದೀನಿ. ಕುದಿಸಿ ಅಂತ ಕೆಲವರು, ಬೇಡ ಅಂತ ಕೆಲವರು. ರಾತ್ರಿ ರುಬ್ಬಿಟ್ಟದ್ದು ಬೆಳಿಗ್ಗೆಗೆ ಕಂದಾಗಿರುತ್ತೆ. ಇದರಲ್ಲಿರೋದು ಹರಳು ಬೀಜದ ವಿಷ ರಿಸಿನ್ ಜಾತಿಯ ಪ್ರೋಟೀನಂತೆ, ನಿಜವಾ? ಮೈಗೆ ಬಿದ್ದರೆ ಏನೂ ಆಗಲ್ವಾ?

ಎಲೆರಸ_ಮಂಡ್ಯ:
ಕುದಿಸಬೇಡಿ ಸರ್. ಕೆಲಸ ಮಾಡೋದು ಪ್ರೋಟೀನು, ಕುದಿದರೆ ಮುಗೀತು. ಗೊಂದಲ ಬಂದಿರೋದು ಜೋಳ, ತೆಂಗಿನ ಗರಿಯ ಕಷಾಯದಿಂದ: ಅಲ್ಲಿ 1 ಕೆಜಿ ಒಣ ಪುಡಿಯನ್ನ 2 ಲೀಟರ್ ನೀರಲ್ಲಿ 60 ಡಿಗ್ರಿಗೆ ಒಂದು ಗಂಟೆ ಇಟ್ಟು, ಸೋಸಿ, 10 ಲೀಟರ್ ಮಾಡ್ತಾರೆ. ಅದೂ ಕುದಿತ ಅಲ್ಲ.

ನಿಮ್ಮದಕ್ಕೆ ಲೀಟರಿಗೆ 100 ಗ್ರಾಂ ಹಸಿ ಎಲೆ, ಅಂದರೆ 16 ಲೀಟರ್ ಕ್ಯಾನಿಗೆ 1.6 ಕೆಜಿ. ಬಣ್ಣದ ದಳ ಬೇಡ, ಹಸಿರೆಲೆ ಮಾತ್ರ. ತಣ್ಣೀರಲ್ಲಿ ರುಬ್ಬಿ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಇಲ್ಲದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತೆ. ಕಂದಾಗೋದು ಎಲೆಯ ಫಿನಾಲ್ ಗಾಳಿಗೆ ಸೇರಿದ್ದಕ್ಕೆ. ಅದು ಪ್ರೋಟೀನಿಗೇ ಅಂಟಿ ಅದನ್ನ ಕೆಡಿಸುತ್ತೆ. ರುಬ್ಬಿದ ದಿನವೇ, ಬಿಸಿಲಿಳಿದ ಮೇಲೆ ಹೊಡೀರಿ. ತಾಮ್ರದ ಔಷಧಿ ಜೊತೆ ಬೆರೆಸಬೇಡಿ. ಒಮ್ಮೆ ರೋಗ ಹತ್ತಿದ ಗಿಡಕ್ಕೆ ಇದು ಮದ್ದಲ್ಲ. ಥ್ರಿಪ್ಸ್ ನುಸಿಗೆ ಬಲೆ ಕಟ್ಟದೆ ಬರೀ ರಸ ನಂಬಿದರೆ ನಷ್ಟ.

ಸಸ್ಯರೋಗ_ಮೈಸೂರು:
ಜಾತಿ ಒಂದೇ, ವಿಷ ಒಂದೇ ಅಲ್ಲ. ಈ ಎಲೆಯ ಪ್ರೋಟೀನು, ರಿಸಿನ್ ಎರಡೂ ರೈಬೋಸೋಮಿನ (ಜೀವಕೋಶದಲ್ಲಿ ಪ್ರೋಟೀನು ತಯಾರಿಸೋ ಯಂತ್ರ) ದೊಡ್ಡ ಆರ್‌ಎನ್‌ಎಯಿಂದ ಅಡೆನಿನ್ ಅನ್ನೋ ಒಂದು ತುಣುಕು ಕಿತ್ತು ಪ್ರೋಟೀನು ತಯಾರಿಕೆ ನಿಲ್ಲಿಸುತ್ತವೆ. ಆದರೆ ರಿಸಿನ್‌ಗೆ ಇನ್ನೊಂದು ಪ್ರೋಟೀನು ಸರಪಳಿ ಇದೆ, ಜೀವಕೋಶದ ಮೇಲಿನ ಸಕ್ಕರೆ ಹಿಡಿದು ಒಳನುಗ್ಗೋಕೆ. ಕಾಗದದ ಹೂ, ಸಂಜೆಮಲ್ಲಿಗೆಯವು ಒಂಟಿ ಸರಪಳಿಯವು, ನಮ್ಮ ಜೀವಕೋಶದೊಳಕ್ಕೆ ಸಲೀಸಾಗಿ ಹೋಗಲಾರವು. ಹಾಗಂತ ಕುಡಿಯೋ ವಸ್ತು ಅಲ್ಲ. ಕೈಗವಸು, ಮಾಸ್ಕ್ ಇರಲಿ. ಹರಳು ಬೀಜದ ತಂಟೆಗೆ ಮಾತ್ರ ಹೋಗಬೇಡಿ.

ಪಾಂಡವಪುರ_ನರ್ಸರಿ:
ರಸ ಕೆಲಸ ಮಾಡ್ತಿದೆಯಾ ಅಂತ ತಿಳಿಯೋದು ಹೇಗೆ?

ಸಸ್ಯರೋಗ_ಮೈಸೂರು:
ತೋಟದಲ್ಲಾದರೆ ಎರಡು ಮಡಿಗೆ ಬರೀ ನೀರು ಹೊಡೆದು ಬಿಡಿ, ಹೋಲಿಕೆ ಅಲ್ಲೇ ಸಿಗುತ್ತೆ.

ಲ್ಯಾಬ್ ಇದ್ದರೆ ಅಲಸಂದೆ ಸಿ-152 ತಳಿ ಬೆಳೆಸಿ. ಮೊದಲ ಜೋಡಿ ಎಲೆಯಲ್ಲಿ ಅರ್ಧಕ್ಕೆ ರಸ, ಇನ್ನರ್ಧಕ್ಕೆ ನೀರು ಸವರಿ. ಮರುದಿನ ರೋಗ ಹತ್ತಿದ ಟೊಮೆಟೊ ಎಲೆಯ ರಸವನ್ನ ಕಾರ್ಬೊರಂಡಮ್ ಪುಡಿ (ಎಲೆಗೆ ಸಣ್ಣ ಗೀರು ಮಾಡೋ ಒರಟು ಪುಡಿ) ಉದುರಿಸಿ ಎರಡೂ ಕಡೆ ಉಜ್ಜಿ, ಕೆಲ ದಿನಗಳಲ್ಲಿ ವೈರಸ್ ತಗುಲಿದ ಕಡೆ ಚುಕ್ಕೆ ಮೂಡುತ್ತೆ. ನೀರಿನ ಭಾಗದ ಚುಕ್ಕೆಗಳಲ್ಲಿ ರಸದ ಭಾಗದವನ್ನ ಕಳೆದು, ನೀರಿನ ಭಾಗದ್ದರಿಂದ ಭಾಗಿಸಿ, 100ರಿಂದ ಗುಣಿಸಿದರೆ ತಡೆಯ ಶೇಕಡಾವಾರು. ಎರಡೂ ಕಡೆ ಚುಕ್ಕೆಯೇ ಇಲ್ಲದಿದ್ದರೆ ಖುಷಿ ಪಡಬೇಡಿ: ಈ ವೈರಸ್ ಬಿಸಿಗೆ ಬೇಗ ಸಾಯುತ್ತೆ, ರೋಗದ ಎಲೆ ಅರೆಯೋ ಕುಟ್ಟಾಣಿಯನ್ನೂ ಬಫರನ್ನೂ (ಅರೆಯುವಾಗ ಹಾಕೋ ದ್ರಾವಣ) ಐಸಿನಲ್ಲಿಟ್ಟು ಇನ್ನೊಮ್ಮೆ ಮಾಡಿ. ಒಂದೇ ಎಲೆಯಾದ್ದರಿಂದ ನೀರಿನ ಭಾಗಕ್ಕೂ ಸ್ವಲ್ಪ ತಡೆ ಹರಡಬಹುದು, ರಸ ಮುಟ್ಟದ ಬೇರೆ ಗಿಡಗಳನ್ನೂ ಜೊತೆಗಿಡಿ.