ಮೂತ್ರ ಚಲೋ ಹೊಂಟೈತಿ, ಆದ್ರೂ ಕ್ರಿಯೇಟಿನಿನ್ 1.8 ಯಾಕ್ರಿ?

ಪ್ರಶ್ನೆ (ಸಿಂಧನೂರು): ಡಾಕ್ಟ್ರೇ, ನಮ್ಮ ಅಪ್ಪಾರಿಗೆ 58 ವರ್ಷ, ಶುಗರ್ ಐತಿ. ಈಗ ಕ್ರಿಯೇಟಿನಿನ್ 1.8 ಬಂದೈತಿ, ಇಜಿಎಫ್‌ಆರ್ 43 ಅಂತ ರಿಪೋರ್ಟಿನ್ಯಾಗ ಬರದಾರ. ಆದ್ರ ದಿನಕ್ಕ ಎರಡು ಲೀಟರ್ ಮ್ಯಾಲೇ ಮೂತ್ರ ಹೋಗ್ತೈತಿ, ಕಾಲು ಬಾತಿಲ್ಲ, ನೋವಿಲ್ಲ. ಇಷ್ಟು ಹೋಗೂ ಮುಂದ ಹೊಲಸು ಒಳಗ ಹೆಂಗ ಉಳೀತೈತ್ರಿ? ನೀರು ಜಾಸ್ತಿ ಕುಡಿಸಿದ್ರ ಇಳೀತೈತೇನು?

ಉತ್ತರ (ಮೂತ್ರಪಿಂಡ ತಜ್ಞರು, ಬಳ್ಳಾರಿ): ಮೂತ್ರ ಎಷ್ಟು ಹೋಗುತ್ತದೆ ಅನ್ನುವುದರಿಂದ ಕಿಡ್ನಿಯ ಶಕ್ತಿ ತಿಳಿಯುವುದಿಲ್ಲ. ಕಾರಣ ಅದರ ರಚನೆಯಲ್ಲೇ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲು ಎರಡು ಪದ: ಕ್ರಿಯೇಟಿನಿನ್ ಅಂದರೆ ಸ್ನಾಯುಗಳಿಂದ ರಕ್ತಕ್ಕೆ ಸೇರುವ ಹೊಲಸು; ಇಜಿಎಫ್‌ಆರ್ ಅಂದರೆ ಕಿಡ್ನಿಗಳು ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತವೆ ಎಂಬ ಅಂದಾಜು.

ಕಿಡ್ನಿ ಒಂದೊಂದೂ 10–12 ಸೆಂ.ಮೀ. ಉದ್ದ, ಸುಮಾರು 150 ಗ್ರಾಂ ತೂಕ. ಬೆನ್ನುಮೂಳೆಯ ಎರಡೂ ಬದಿಗೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ ಇರುತ್ತವೆ. ಹೊರಪದರ ಕಾರ್ಟೆಕ್ಸ್, ಒಳಭಾಗ ಮೆಡುಲ್ಲಾ. ಪ್ರತಿ ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಅಂದರೆ ತಲೆಯಲ್ಲೊಂದು ಸೂಕ್ಷ್ಮ ರಕ್ತನಾಳಗಳ ಗಂಟು (ಗ್ಲೊಮೆರುಲಸ್), ಅದಕ್ಕೆ ಬಾಲದಂತೆ ಒಂದು ಉದ್ದ ಕೊಳವೆ. ಗಂಟಿಗೆ ಒಳಬರುವ ನಾಳ ಅಗಲ, ಹೊರಹೋಗುವ ನಾಳ ಕಿರಿದು. ಹೀಗಾಗಿ ಒಳಗೆ ಒತ್ತಡ ಏರಿ ನೀರು, ಉಪ್ಪು, ಸಕ್ಕರೆ, ಯೂರಿಯಾ, ಕ್ರಿಯೇಟಿನಿನ್ ಎಲ್ಲವೂ ಜರಡಿಯಿಂದ ಇಳಿದಂತೆ ಕೊಳವೆಗೆ ಇಳಿಯುತ್ತವೆ. ರಕ್ತಕಣಗಳೂ ಆಲ್ಬುಮಿನ್ ಎಂಬ ಪ್ರೋಟೀನೂ ಮೇಲೆಯೇ ಉಳಿಯಬೇಕು.

ಈಗ ಲೆಕ್ಕ ನೋಡಿ. ಆರೋಗ್ಯವಂತ ಯುವಕನ ಕಿಡ್ನಿಗಳು ನಿಮಿಷಕ್ಕೆ ಸುಮಾರು 120 ಮಿ.ಲೀ., ದಿನಕ್ಕೆ 170–180 ಲೀಟರ್ ಸೋಸುತ್ತವೆ. ಅದರಲ್ಲಿ ಶೇ. 99ರಷ್ಟನ್ನು ಕೊಳವೆ ವಾಪಸ್ ಎಳೆದುಕೊಳ್ಳುತ್ತದೆ, ಒಂದೂವರೆ–ಎರಡು ಲೀಟರ್ ಮಾತ್ರ ಹೊರಗೆ. ನಿಮ್ಮ ಅಪ್ಪನದು ನಿಮಿಷಕ್ಕೆ 43, ಅಂದರೆ ದಿನಕ್ಕೆ ಸುಮಾರು 62 ಲೀಟರ್. ಕೊಳವೆ 60 ವಾಪಸ್ ತೆಗೆದುಕೊಂಡರೂ ಎರಡು ಲೀಟರ್ ಮೂತ್ರ ಬಂದೇ ಬರುತ್ತದೆ. ಮನೆಯಲ್ಲಿ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ.

ಕ್ರಿಯೇಟಿನಿನ್ ಮಾತ್ರ ಹಾಗಲ್ಲ. ಸ್ನಾಯುಗಳು ಅದನ್ನು ದಿನಕ್ಕೆ ಸುಮಾರು 1,100 ಮಿ.ಗ್ರಾಂ ತಯಾರಿಸುತ್ತವೆ ಅನ್ನಿ. ದಿನಕ್ಕೆ 140 ಲೀಟರ್ ಸೋಸುವಾಗ, ಲೀಟರಿಗೆ 8 ಮಿ.ಗ್ರಾಂ ಇದ್ದರೆ (ರಿಪೋರ್ಟಿನಲ್ಲಿ 100 ಮಿ.ಲೀ.ಗೆ ಲೆಕ್ಕ ಹಾಕಿ 0.8 ಅಂತ ಬರೆಯುತ್ತಾರೆ) ಅಷ್ಟೂ ಹೊರಗೆ ಹೋಗುತ್ತದೆ. ಸೋಸುವುದು 62 ಲೀಟರಿಗೆ ಇಳಿದರೆ, ರಕ್ತದಲ್ಲಿ ಅದು ಲೀಟರಿಗೆ 18ಕ್ಕೆ ಏರುವವರೆಗೂ ಲೆಕ್ಕ ಕೂಡುವುದಿಲ್ಲ. ಅದೇ ನಿಮ್ಮ 1.8. ಅರ್ಧ ಶಕ್ತಿ ಹೋಗುವವರೆಗೂ ಈ ಅಂಕಿ ಹೆಚ್ಚುಕಡಿಮೆ ಮಾಮೂಲಿನಂತೆಯೇ ಕಾಣಬಹುದು, ಅದಕ್ಕೇ ಇಜಿಎಫ್‌ಆರ್ ನೋಡುವುದು.

ಇನ್ನೊಂದು ಮಾತು: "ಎರಡು ಲೀಟರ್ ಮ್ಯಾಲೆ" ಅಂದಿರಲ್ಲ, ಅದನ್ನು ನಾನು ಒಳ್ಳೆಯ ಲಕ್ಷಣ ಅಂತ ತಗೊಳ್ಳುವುದಿಲ್ಲ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಕೊಳವೆಗೆ ಅಷ್ಟನ್ನೂ ವಾಪಸ್ ಎಳೆಯಲಾಗದು. ಉಳಿದ ಸಕ್ಕರೆ ನೀರನ್ನೂ ಜೊತೆಗೆ ಎಳೆದೊಯ್ಯುತ್ತದೆ. ಜೊತೆಗೆ, ಮೂತ್ರ ಗಟ್ಟಿಯಾಗುವುದು ಮೆಡುಲ್ಲಾದ ಉಪ್ಪಿನಂಶದಿಂದ; ಕಿಡ್ನಿ ಕೆಟ್ಟಂತೆ ಆ ಶಕ್ತಿಯೂ ಕುಗ್ಗಿ, ರಾತ್ರಿ ಎರಡು-ಮೂರು ಸಲ ಏಳಬೇಕಾಗುತ್ತದೆ. ಅಪ್ಪ ಏಳುತ್ತಾರೇನು, ಕೇಳಿ.

ನೀರು ಸುರಿದರೆ ಜರಡಿ ರಿಪೇರಿ ಆಗುವುದಿಲ್ಲ. ಬಿಸಿಲಲ್ಲಿ ಹೊಲಕ್ಕೆ ಹೋಗುವವರು ಮೂತ್ರ ತಿಳಿ ಹಳದಿ ಇರುವಷ್ಟು ಕುಡಿಯಲಿ, ಅಷ್ಟು ಸಾಕು. ಬಾವು ಅಥವಾ ಹೃದಯದ ತೊಂದರೆ ಇದ್ದರೆ ಅಳತೆ ಡಾಕ್ಟರೇ ಹೇಳಬೇಕು. ಎಳನೀರನ್ನು ಪೊಟ್ಯಾಸಿಯಮ್ ರಿಪೋರ್ಟ್ ನೋಡದೆ ದಿನಾ ಕೊಡಬೇಡಿ. ಹೆಚ್ಚಿನ ಪೊಟ್ಯಾಸಿಯಮ್ ಹೊರಹಾಕುವುದೂ ಈ ಕೊಳವೆಗಳೇ.

ಸೇರಿಸಿದ್ದು (ಲ್ಯಾಬ್ ಟೆಕ್ನೀಷಿಯನ್, ರಾಯಚೂರು): ಮೂತ್ರದ ಆಲ್ಬುಮಿನ್-ಕ್ರಿಯೇಟಿನಿನ್ ಅನುಪಾತನೂ ಮಾಡಿಸ್ರಿ. ಬೆಳಗಿನ ಮೊದಲ ಮೂತ್ರ, ಆರಂಭದ ಧಾರೆ ಬಿಟ್ಟು ನಡುವಿನದು ಹಿಡೀಬೇಕು. 30ರ ಒಳಗ ಇದ್ರ ಸರಿ, 300 ದಾಟಿದ್ರ ಜರಡಿ ಚೆನ್ನಾಗೇ ಸೋರಾಕತ್ತೈತಿ ಅಂತ ಅರ್ಥ. ಜ್ವರ ಇದ್ದಾಗ ಕೊಡಬ್ಯಾಡ್ರಿ. ಹಿಂದಿನ ರಾತ್ರಿ ಮಟನ್ ಉಂಡ್ರ ರಕ್ತದ ಕ್ರಿಯೇಟಿನಿನ್ ಏರಿ ಕಾಣಿಸ್ತೈತಿ. ಮತ್ತ 1.8 ಎಲ್ಲಾರಿಗೂ ಒಂದೇ ಅಲ್ಲ: 70 ವರ್ಷದ ಅಜ್ಜಿಗೆ ಅದೇ ಅಂಕಿ ಬಂದ್ರ ಇಜಿಎಫ್‌ಆರ್ ಸುಮಾರು 30 ಅಷ್ಟೇ.

ಪ್ರಶ್ನೆ (ಗಂಗಾವತಿ): ಭತ್ತದ ನಾಟಿ ಟೈಮಿನ್ಯಾಗ ಸೊಂಟನೋವಿಗೆ ಮೆಡಿಕಲ್‌ನಿಂದ ಗುಳಿಗಿ ತಂದು ನುಂಗ್ತಾರ. ಬಿಪಿ ಗುಳಿಗಿನೂ ನಡದೈತಿ. ತೊಂದ್ರಿ ಏನ್ರಿ?

ಉತ್ತರ (ಮೂತ್ರಪಿಂಡ ತಜ್ಞರು): ತೊಂದರೆ ಇದೆ. ಬೆವರು ಹರಿದು ನೀರಿನಂಶ ಕಡಿಮೆಯಾದಾಗ ಗಂಟಿಗೆ ಒಳಬರುವ ನಾಳವನ್ನು ತೆರೆದಿಡುವುದು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಅದನ್ನೇ ತಡೆಯುತ್ತವೆ, ನಾಳ ಬಿಗಿಯುತ್ತದೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಗುಳಿಗೆ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆಯೂ ಸೇರಿದರೆ ಒತ್ತಡ ಪೂರಾ ಕುಸಿದು ಸೋಸುವುದು ಕೆಲವೇ ದಿನಗಳಲ್ಲಿ ಇಳಿಯಬಹುದು. ಬೇಗ ತಿಳಿದರೆ ಬಹಳಷ್ಟು ಸಲ ಚೇತರಿಸುತ್ತದೆ.

ಹಾಗಂತ ಬಿಪಿ ಗುಳಿಗೆ ನೀವೇ ಬಿಡಬೇಡಿ. ಶುಗರ್ ಇದ್ದವರಲ್ಲಿ ಜರಡಿಯನ್ನು ವರ್ಷಗಟ್ಟಲೆ ಕಾಯುವುದು ಅದೇ. ಬಿಡಬೇಕಾದ್ದು ನೋವಿನ ಗುಳಿಗೆ. ವಾಂತಿ-ಭೇದಿ ಹತ್ತಿದ ದಿನ ಮಾತ್ರ ಡಾಕ್ಟರಿಗೆ ಫೋನ್ ಮಾಡಿ, ಬಿಪಿ ಗುಳಿಗೆ ನಿಲ್ಲಿಸಬೇಕೇ ಅಂತ ಕೇಳಿ.

ಪ್ರಶ್ನೆ (ಕುಷ್ಟಗಿ): ಬೆನ್ನು ನೋವು ಅಂದ್ರ ಕಿಡ್ನಿನೇ ಏನ್ರಿ?

ಉತ್ತರ: ಹೆಚ್ಚಿನ ಸಲ ಸ್ನಾಯು. ಕಿಡ್ನಿ ಸದ್ದಿಲ್ಲದೆ ಕೆಡುತ್ತದೆ. ಅದರ ಹೊರಚೀಲ ಬಿಗಿದಾಗ ಅಥವಾ ಮೂತ್ರನಾಳದಲ್ಲಿ ಹರಳು ಸಿಕ್ಕಾಗ ನೋಯುತ್ತದೆ. ಹರಳಿನ ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆ, ಅಲೆ ಅಲೆಯಾಗಿ ಬರುತ್ತದೆ. 5 ಮಿ.ಮೀ. ಒಳಗಿನದು ಬಹುಪಾಲು ತಾನೇ ಹೋಗುತ್ತದೆ. ಜೊತೆಗೆ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.